ನೆಟ್ಟಗೆ ಕೂತ್ಕೋ ಅಂದ್ರೆ ಬೆನ್ನು ಕೇಳುತ್ತಾ?

ಎರಡು ವರ್ಷದ ಹಿಂದೆ ಆನ್‌ಲೈನಿನಲ್ಲಿ ಒಂದು ಬೆಲ್ಟು ತರಿಸಿದ್ದೆ. ಎರಡೂ ಹೆಗಲಿಗೆ ಹಾಕಿ ಬೆನ್ನ ಹಿಂದೆ ಎಳೆದು ಅಂಟಿಸುವಂಥದ್ದು. ಜಾಹೀರಾತಿನ ಹುಡುಗ ಅದನ್ನು ಹಾಕಿಕೊಂಡ ಕೂಡಲೇ ಪೊಲೀಸ್ ಸೆಲೆಕ್ಷನ್ನಿಗೆ ನಿಂತವನ ಹಾಗೆ ಎದೆ ಉಬ್ಬಿಸುತ್ತಿದ್ದ. ನಾನೂ ಶರ್ಟಿನ ಒಳಗೆ ಹಾಕಿಕೊಂಡು ಆಫೀಸಿಗೆ ಹೋದೆ. ಮೊದಲ ದಿನ ಭಾರಿ ಖುಷಿ. ಮೂರನೇ ದಿನ ಕಂಕುಳ ಹತ್ತಿರ ಕೆಂಪಗೆ ಬರೆ. ಒಂಬತ್ತನೇ ದಿನ ಬಿಚ್ಚಿಟ್ಟೆ. ಅರ್ಧ ಗಂಟೆಯಲ್ಲಿ ಹೆಗಲು ತನ್ನ ಹಳೇ ಜಾಗಕ್ಕೆ ವಾಪಸ್ ಬಂದಿತ್ತು. ಈಗ ಆ ಬೆಲ್ಟಿನಲ್ಲಿ ಅಮ್ಮ ಚಾಪೆ ಸುತ್ತಿ ಕಟ್ಟಿ ಬಾಗಿಲ ಹಿಂದೆ ನಿಲ್ಲಿಸುತ್ತಾರೆ. ಚಾಪೆ ಮಾತ್ರ ನೆಟ್ಟಗಿದೆ.

ಬೆಲ್ಟು ಕೈಕೊಟ್ಟ ಮೇಲೆ ಎಲ್ಲರೂ ಬರುವುದು ಮುಂದಿನ ಪ್ರಶ್ನೆಗೆ. ವ್ಯಾಯಾಮ ಮಾಡಿದರೆ ಪೋಶ್ಚರ್ ಸರಿಹೋಗುತ್ತಾ? ಹೋಗುತ್ತದೆ. ಆದರೆ ಜಾಹೀರಾತು ಹೇಳುವ ಅರ್ಥದಲ್ಲಿ ಅಲ್ಲ. ವ್ಯಾಯಾಮದಿಂದ ಬೆನ್ನಿನ ಆಕಾರ ಬದಲಾಗುವುದು ಕಡಿಮೆ, ಬೆನ್ನಿನ ತಾಕತ್ತು ಬದಲಾಗುವುದು ಜಾಸ್ತಿ. ಸಂಜೆ ಆರರ ಹೊತ್ತಿಗೆ ಕತ್ತು ಹಿಡಿದುಕೊಳ್ಳುತ್ತದಲ್ಲ, ಅದಕ್ಕೆ ನಂಟಿರುವುದು ಎರಡನೆಯದರ ಜೊತೆಗೆ. ಈ ಫರಕು ತಿಳಿಯದೆ ನಾವು ದುಡ್ಡೂ ಕಳೆಯುತ್ತೇವೆ, ಮಕ್ಕಳನ್ನು ಸುಮ್ನೆ ಬೈಯುತ್ತಲೂ ಇರುತ್ತೇವೆ.

ಪೋಶ್ಚರ್ ಅನ್ನುವುದಕ್ಕೆ ನಮ್ಮ ಆಡುಮಾತಿನಲ್ಲಿ ಒಂದು ಹೆಸರೇ ಇಲ್ಲ, ಗಮನಿಸಿದ್ದೀರಾ? ಭಂಗಿ ಅಂದರೆ ನಾಟ್ಯ ನೆನಪಾಗುತ್ತದೆ. ನಿಲುವು ಅಂದರೆ ರಾಜಕೀಯ. ಇರುವುದೆಲ್ಲ ಅಪ್ಪಣೆಗಳು. ನೆಟ್ಟಗೆ ಕೂತ್ಕೋ, ಬಗ್ಗಿ ಓದಬೇಡ, ಗೂನು ಬೀಳುತ್ತೆ ನೋಡು. ಬುದ್ಧಿ ಕೆಟ್ಟರೂ 'ನೆಟ್ಟಗಿಲ್ಲ' ಅನ್ನುತ್ತೇವೆ. ಅಂದರೆ ನೆಟ್ಟಗಿರುವುದು ನಮಗೆ ಮೊದಲಿನಿಂದಲೂ ನಡತೆಯ ವಿಷಯ, ಬೆನ್ನಿನದು ಆಮೇಲೆ. ಇದು ನಮ್ಮಲ್ಲಿ ಮಾತ್ರ ಅಲ್ಲ. ಅಮೆರಿಕದಲ್ಲಿ 1914ರಲ್ಲೇ 'ಅಮೆರಿಕನ್ ಪೋಶ್ಚರ್ ಲೀಗ್' ಅಂತ ಒಂದು ಸಂಘ ಹುಟ್ಟಿಕೊಂಡಿತ್ತು. ಬಗ್ಗಿದ ಬೆನ್ನು ಅಂದರೆ ಬಗ್ಗಿದ ಮನುಷ್ಯ ಅನ್ನುವ ಭಾವನೆ ಅಲ್ಲೂ ಬಲವಾಗಿತ್ತು. ಡ್ರಿಲ್ ಮೇಷ್ಟ್ರು ಬೆತ್ತದಲ್ಲಿ ಬೆನ್ನು ತಟ್ಟಿದ್ದೂ ಅದೇ ಕಾರಣಕ್ಕೆ ಇರಬೇಕು.

ವಿಜ್ಞಾನ ಇದಕ್ಕೆ ಬೆಂಬಲ ಕೊಟ್ಟಿತಾ? ಸ್ವಲ್ಪ ಕಾಲ ಕೊಟ್ಟಿತು. ಸ್ವೀಡನ್ನಿನ ಆಲ್ಫ್ ನಾಕೆಮ್ಸನ್ ಅನ್ನುವ ಮೂಳೆ ವೈದ್ಯರು 1960ರ ದಶಕದಲ್ಲಿ ಜನರ ಸೊಂಟದ ಡಿಸ್ಕಿಗೆ, ಅಂದರೆ ಬೆನ್ನುಮೂಳೆಯ ಎರಡು ಮಣಿಗಳ ನಡುವಿನ ಮೆತ್ತೆಗೆ, ಸೂಜಿ ತೂರಿಸಿ ಒಳಗಿನ ಒತ್ತಡ ಅಳೆದರು. ನಿಂತಾಗಿನದಕ್ಕಿಂತ ಒರಗದೆ ಕೂತಾಗ ಒತ್ತಡ ಜಾಸ್ತಿ ಅಂತ ಕಂಡಿತು. 'ಕೂರುವುದು ಸೊಂಟಕ್ಕೆ ಕೆಟ್ಟದ್ದು' ಅನ್ನುವ ಮಾತಿನ ಬೇರು ಬಹುಮಟ್ಟಿಗೆ ಇಲ್ಲೇ ಇದೆ.

1999ರಲ್ಲಿ ಜರ್ಮನಿಯ ಉಲ್ಮ್ ನಗರದಲ್ಲಿ ಹಾನ್ಸ್ ಯೋಆಖಿಮ್ ವಿಲ್ಕೆ ಮತ್ತು ಜೊತೆಗಾರರು ಇದನ್ನೇ ಇನ್ನೂ ನಯವಾದ ಉಪಕರಣದಿಂದ ಅಳೆದರು. ಒಬ್ಬನೇ ಮನುಷ್ಯ, ಸುಮಾರು 24 ಗಂಟೆ. ಡಿಸ್ಕಿನೊಳಗೆ ಸೆನ್ಸರ್ ಇಟ್ಟುಕೊಂಡೇ ಅವನು ನಿಂತ, ಕೂತ, ಮಲಗಿದ, ಭಾರ ಎತ್ತಿದ. ಆರಾಮಾಗಿ ನಿಂತಾಗ ಒತ್ತಡ 0.5 ಮೆಗಾಪ್ಯಾಸ್ಕಲ್. ಸುಮ್ನೆ ಕೂತಾಗ 0.46. ಬೆನ್ನನ್ನು ಬೇಕಂತಲೇ ನೆಟ್ಟಗೆ ಮಾಡಿ ಕೂತಾಗ 0.55. ಕುರ್ಚಿಯಲ್ಲಿ ಜಾರಿಕೊಂಡು, ಮನೆಯವರು ನೋಡಿದರೆ ಖಂಡಿತ ಬೈಯುವ ಹಾಗೆ ಒರಗಿದಾಗ? 0.3 ಮಾತ್ರ. ಬೆನ್ನು ಬಗ್ಗಿಸಿ 20 ಕಿಲೋ ಎತ್ತಿದಾಗ 2.3ಕ್ಕೆ ಏರಿತು. ಒಬ್ಬನ ಮೇಲಿನ ಅಳತೆಯನ್ನು ಊರಿಗೆಲ್ಲ ಹಂಚೋಕಾಗಲ್ಲ, ಒಪ್ಪುತ್ತೇನೆ. ಆದರೂ ಜಾರಿ ಕೂತವನ ಡಿಸ್ಕು ಒಡೆದೇ ಹೋಗುತ್ತದೆ ಅನ್ನುವ ಭಯಕ್ಕೆ ಆಧಾರ ಸಾಲದು ಅನ್ನುವುದು ಅಲ್ಲಿಗೇ ಗೊತ್ತಾಯಿತು.

ಆಮೇಲೆ ಬಂದದ್ದು ಮೊಬೈಲ್ ಕಾಲದ ಭಯ. ತಲೆ ಬಗ್ಗಿಸಿ ಫೋನ್ ನೋಡಿದರೆ ಕತ್ತಿನ ಮೇಲೆ 27 ಕಿಲೋ ಭಾರ ಬೀಳುತ್ತದೆ ಅನ್ನುವ ಚಿತ್ರ ನಿಮ್ಮ ವಾಟ್ಸಾಪಿಗೂ ಬಂದಿರುತ್ತದೆ. ಅದರ ಮೂಲ ನ್ಯೂಯಾರ್ಕಿನ ಶಸ್ತ್ರವೈದ್ಯ ಕೆನೆತ್ ಹನ್ಸ್‌ರಾಜ್ 2014ರಲ್ಲಿ ಬರೆದ ಪುಟ್ಟ ಲೇಖನ. ನೆಟ್ಟಗಿದ್ದಾಗ ತಲೆಯ ಭಾರ ಸುಮಾರು 5 ಕಿಲೋ, 60 ಡಿಗ್ರಿ ಬಗ್ಗಿದರೆ ಕತ್ತಿನ ಮೇಲೆ 27 ಕಿಲೋ. ಅದು ಕಂಪ್ಯೂಟರಿನಲ್ಲಿ ಹಾಕಿದ ಲೆಕ್ಕ. ಯಾರ ಕತ್ತು ನೋಯುತ್ತಿದೆ ಅಂತ ಅಲ್ಲಿ ಯಾರನ್ನೂ ಕೇಳಿರಲಿಲ್ಲ.

ಬೇರೆಯವರು ಕೇಳಿದರು. ರಿಯೋ ಡಿ ಜನೈರೋದಲ್ಲಿ 18ರಿಂದ 21 ವಯಸ್ಸಿನ 150 ಜನ ಫೋನ್ ಹಿಡಿಯುವ ರೀತಿಯನ್ನು ನೋಡಿದ ಅಧ್ಯಯನ 2018ರಲ್ಲಿ ಬಂತು. ತಲೆ ಜಾಸ್ತಿ ಬಗ್ಗಿಸುವವರಿಗೆ ಕತ್ತು ನೋವು ಜಾಸ್ತಿ ಅಂತ ಕಾಣಲಿಲ್ಲ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. 17ನೇ ವಯಸ್ಸಿನಲ್ಲಿ ಹುಡುಗ ಹುಡುಗಿಯರು ಹೇಗೆ ಕೂರುತ್ತಾರೆ ಅಂತ ಗುರುತು ಹಾಕಿಕೊಂಡು, 22ನೇ ವಯಸ್ಸಿನಲ್ಲಿ ಅವರ ಕತ್ತು ಹೇಗಿದೆ ಅಂತ ವಿಚಾರಿಸಿದರು. ಜೋತುಬಿದ್ದು ಕೂರುತ್ತಿದ್ದವರಿಗೆ ನೋವು ಹೆಚ್ಚಿರಲಿಲ್ಲ. ಹುಡುಗಿಯರಲ್ಲಂತೂ ಉಲ್ಟಾ. ಸೆಟೆದು ಕೂರುತ್ತಿದ್ದವರಿಗಿಂತ ಜೋತುಬಿದ್ದವರೇ ಆರಾಮಾಗಿದ್ದರು. ನನ್ನ ತಂಗಿಗೆ ಇದನ್ನು ಓದಿ ಹೇಳಿದಾಗ ಅವಳು ಕೇಳಿದ್ದು ಒಂದೇ, "ಇದನ್ನ ಅಮ್ಮಂಗೆ ಯಾರು ಹೇಳ್ತಾರೆ?"

ಹಾಗಾದರೆ ನೋವು ಎಲ್ಲಿಂದ ಬರುತ್ತದೆ? ನನಗೆ ತಿಳಿದ ಮಟ್ಟಿಗೆ ಕಾರಣ ಒಂದಲ್ಲ. ನಿದ್ದೆ, ಚಿಂತೆ, ಹಳೇ ಪೆಟ್ಟು ಎಲ್ಲ ಅದರಲ್ಲಿ ಸೇರಿವೆ. ಆದರೆ ಆಫೀಸಿನ ನೋವಿನಲ್ಲಿ ದೊಡ್ಡ ಪಾಲು ಕದಲದೆ ಇರುವುದರದ್ದು. ಹೇಗೆ ಕೂತಿರಿ ಅನ್ನುವುದಕ್ಕಿಂತ ಎಷ್ಟು ಹೊತ್ತು ಹಾಗೇ ಕೂತಿರಿ ಅನ್ನುವುದು ಮುಖ್ಯ. ದೊಡ್ಡವರ ಡಿಸ್ಕಿನ ಒಳಭಾಗಕ್ಕೆ ರಕ್ತನಾಳ ಇಲ್ಲ. ಅಕ್ಕಪಕ್ಕದಿಂದ ಇಂಗಿ ಬಂದ ನೀರು, ಪೋಷಣೆಯೇ ಅದಕ್ಕೆ ಗತಿ. ನೀರು ಸಂಜೆಗೆ ಸ್ವಲ್ಪ ಹೊರಗೆ ಹೋಗುತ್ತದೆ, ರಾತ್ರಿ ಮಲಗಿದಾಗ ವಾಪಸ್ ಬರುತ್ತದೆ. ಅದಕ್ಕೇ ನಾವೆಲ್ಲ ಬೆಳಿಗ್ಗೆ ಒಂದು ಸೆಂಟಿಮೀಟರಿನಷ್ಟು ಎತ್ತರ ಇರುತ್ತೇವೆ, ಸಂಜೆಗೆ ಕುಗ್ಗುತ್ತೇವೆ. ಸ್ನಾಯುಗಳ ಪಾಡು ಬೇರೆ. ಹೆಗಲ ಮೇಲ್ಭಾಗದ ಸ್ನಾಯು ಮೌಸ್ ಹಿಡಿದ ಕೈಯನ್ನು ಎಂಟು ಗಂಟೆ ಎತ್ತಿ ಹಿಡಿದಿರುತ್ತದೆ. ಕೆಲಸ ಸಣ್ಣದು, ಆದರೆ ಬಿಡುವೇ ಇಲ್ಲ. ತುಂಬಿದ ಕೊಡ ಹೊತ್ತು ಹತ್ತು ಹೆಜ್ಜೆ ಹಾಕುವುದು ಸುಲಭ, ಖಾಲಿ ಲೋಟ ಹಿಡಿದ ಕೈಯನ್ನು ಒಂದು ಗಂಟೆ ಚಾಚಿ ನಿಲ್ಲುವುದು ಕಷ್ಟ.

ವ್ಯಾಯಾಮ ಕೆಲಸಕ್ಕೆ ಬರುವುದು ಇಲ್ಲಿ. ಆ ಸ್ನಾಯುವಿನ ಗರಿಷ್ಠ ಶಕ್ತಿ ಹೆಚ್ಚಾದರೆ ಅದೇ ಮೌಸ್ ಹಿಡಿಯುವುದಕ್ಕೆ ಅದು ತನ್ನ ಶಕ್ತಿಯ ಸಣ್ಣ ಪಾಲನ್ನು ಖರ್ಚು ಮಾಡುತ್ತದೆ. ಸಂಬಳ ಏರಿದರೆ ಅದೇ ಬಾಡಿಗೆ ಹಗುರ ಅನ್ನಿಸುತ್ತದಲ್ಲ, ಹಾಗೆ.

ಇದಕ್ಕೆ ನನಗೆ ಇಷ್ಟವಾದ ಸಾಕ್ಷಿ ಡೆನ್ಮಾರ್ಕಿನದು. 2011ರಲ್ಲಿ ಪ್ರಕಟವಾಯಿತು. ಕತ್ತು, ಹೆಗಲು ಪದೇ ಪದೇ ನೋಯುತ್ತಿದ್ದ 198 ಜನ ಆಫೀಸು ನೌಕರರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ರಬ್ಬರ್ ಟ್ಯೂಬು ಕಾಲಡಿ ಹಾಕಿ ಎರಡೂ ಕೈಯನ್ನು ಪಕ್ಕಕ್ಕೆ ರೆಕ್ಕೆಯ ಹಾಗೆ ಎತ್ತುವ ವ್ಯಾಯಾಮ, ದಿನಕ್ಕೆ 2 ನಿಮಿಷ. ಇನ್ನೊಂದಕ್ಕೆ ಅದೇ ವ್ಯಾಯಾಮ 12 ನಿಮಿಷ. ಮೂರನೆಯದಕ್ಕೆ ಆರೋಗ್ಯದ ಮಾಹಿತಿ ಮಾತ್ರ. ವಾರಕ್ಕೆ ಐದು ದಿನ, ಹತ್ತು ವಾರ. ಹತ್ತರ ಅಳತೆಯಲ್ಲಿ ಮೂರನೇ ಗುಂಪಿಗಿಂತ 2 ನಿಮಿಷದವರ ನೋವು 1.4ರಷ್ಟು, 12 ನಿಮಿಷದವರದ್ದು 1.9ರಷ್ಟು ಹೆಚ್ಚಾಗಿ ಇಳಿಯಿತು. ಆರು ಪಟ್ಟು ಸಮಯ ಕೊಟ್ಟರೂ ಲಾಭ ಆರು ಪಟ್ಟು ಆಗಲಿಲ್ಲ, ನೋಡಿ. 'ನನಗೆ ಟೈಮ್ ಇಲ್ಲ' ಅನ್ನುವ ನೆಪದ ಕಾಲು ಮುರಿದದ್ದು ಈ ಎರಡು ನಿಮಿಷ. ಇಲ್ಲಿ ನೋವು ಇಳಿಸಿದ್ದು ನೆಟ್ಟಗೆ ಕೂರುವ ಪಾಠ ಅಲ್ಲ, ವ್ಯಾಯಾಮ ಅನ್ನುವುದೂ ನೆನಪಿರಲಿ.

ಸೊಂಟದ ಕಥೆಯೂ ಹೀಗೇ. 2016ರಲ್ಲಿ 30 ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ 21 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಸೊಂಟ ನೋವು ಬಾರದಂತೆ ತಡೆಯುವುದಕ್ಕೆ ಯಾವುದು ಕೆಲಸಕ್ಕೆ ಬರುತ್ತದೆ? ವ್ಯಾಯಾಮದ ಜೊತೆ ಒಂದಿಷ್ಟು ತಿಳಿವಳಿಕೆ ಸೇರಿದರೆ ಅಪಾಯ ಸುಮಾರು 45%, ವ್ಯಾಯಾಮ ಒಂದೇ ಆದರೆ 35% ಕಡಿಮೆ. ಸೊಂಟದ ಬೆಲ್ಟು, ಶೂ ಒಳಗಿನ ಮೆತ್ತೆಗಳಿಂದ ಪ್ರಯೋಜನ ಕಾಣಲಿಲ್ಲ. ಆದರೆ ವ್ಯಾಯಾಮವೊಂದನ್ನೇ ನಂಬಿದವರಲ್ಲಿ ಒಂದು ವರ್ಷ ದಾಟಿದ ಮೇಲೆ ಆ ಲಾಭವೂ ಉಳಿಯಲಿಲ್ಲ. ಬಿಟ್ಟರೆ ಹೋಯಿತು, ಹಲ್ಲುಜ್ಜುವ ಹಾಗೆ. 2023ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೀರ್ಘಕಾಲದ ಸೊಂಟ ನೋವಿನ ಬಗ್ಗೆ ಕೊಟ್ಟ ಸಲಹೆಯಲ್ಲೂ ವ್ಯಾಯಾಮಕ್ಕೆ ಜಾಗ ಇದೆ, ಬೆಲ್ಟು ಬೇಡ ಅಂತಲೇ ಇದೆ. ಓದಿದ ದಿನ ಬಾಗಿಲ ಹಿಂದಿನ ಚಾಪೆ ನೋಡಿ ನಗು ಬಂತು.

ಇನ್ನು ಆಕಾರದ ಮಾತು. ಎಳೆಯರಿಗಿಂತ ವಯಸ್ಸಾದವರಲ್ಲಿ ಇದು ಗಂಭೀರ. ಮೇಲ್ಬೆನ್ನು ನಿಜವಾಗಿ ಗೂನಾದರೆ ಉಸಿರು, ಸಮತೋಲ ಎರಡಕ್ಕೂ ತೊಂದರೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 60 ದಾಟಿದ, ಬೆನ್ನಿನ ಬಾಗು 40 ಡಿಗ್ರಿ ಅಥವಾ ಹೆಚ್ಚಿದ್ದವರಿಗೆ ಆರು ತಿಂಗಳು, ವಾರಕ್ಕೆ ಮೂರು ಸಲ ಬೆನ್ನು ಬಲಪಡಿಸುವ ವ್ಯಾಯಾಮ ಮಾಡಿಸಿದರು. ಎಕ್ಸ್‌ರೇನಲ್ಲಿ ಬಾಗು ತಗ್ಗಿದ್ದು ಸುಮಾರು 3 ಡಿಗ್ರಿ. ಮೂರು ಡಿಗ್ರಿ ಅಂದರೆ ಗಡಿಯಾರದಲ್ಲಿ ನಿಮಿಷದ ಮುಳ್ಳು ಅರ್ಧ ನಿಮಿಷದಲ್ಲಿ ಸರಿಯುವಷ್ಟು. ಕಣ್ಣಿಗೆ ಸಿಗುವುದು ಕಷ್ಟ. ಆದರೆ ವಯಸ್ಸಿನ ಜೊತೆ ಏರುತ್ತಲೇ ಹೋಗುವ ಬಾಗು ಅದು. ಅದನ್ನು ಇಳಿಮುಖ ಮಾಡಿದ್ದೇ ದೊಡ್ಡದು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅನ್ನುತ್ತಾರೆ. ಬಗ್ಗಿದ ಮರ ಒಂಚೂರು ನಿಮಿರಿದ ಲೆಕ್ಕ ಇದು.

ಇಷ್ಟೆಲ್ಲ ಓದಿದ ಮೇಲೂ ನನ್ನ ಕತ್ತು ನೋಯುತ್ತಲೇ ಇತ್ತು. ಕೊನೆಗೆ ಮನೆ ಹತ್ತಿರದ ಫಿಸಿಯೋಥೆರಪಿಸ್ಟ್ ಒಬ್ಬರ ಬಳಿ ಹೋದೆ. ಮಂಚ, ಕನ್ನಡಿ, ಮೂಲೆಯಲ್ಲೊಂದು ಪೊರಕೆ. ಆ ಮೇಡಂ ಪೊರಕೆಯ ಹಿಡಿಯನ್ನೇ ಬಿಚ್ಚಿ ತಂದು ನನ್ನ ಬೆನ್ನಿಗೆ ಉದ್ದಕ್ಕೆ ಹಿಡಿದರು. "ಕೋಲು ಮೂರು ಕಡೆ ತಾಗಬೇಕು. ತಲೆ ಹಿಂಭಾಗ, ರೆಕ್ಕೆ ಮೂಳೆಗಳ ನಡುವೆ, ಸೊಂಟದ ಕೆಳಗೆ. ಈಗ ಮೂರೂ ಬಿಡದ ಹಾಗೆ ಬಗ್ಗಿ." ನಾನು ಬಗ್ಗಿದೆ. ಕೋಲು ತಲೆಯಿಂದ ಹಾರಿತು. ಇನ್ನೊಂದು ಸಲ. ಸೊಂಟದಿಂದ ಹಾರಿತು. ನಲವತ್ತು ವರ್ಷ ಬಗ್ಗಿ ಎದ್ದವನಿಗೆ ಬಗ್ಗುವುದೇ ಬರುತ್ತಿರಲಿಲ್ಲ. "ಬೆನ್ನು ಬಗ್ಗಿಸಬೇಡಿ ಸರ್, ಪಿರ್ರೆ ಹಿಂದಕ್ಕೆ ತಳ್ಳಿ. ಕೈ ತುಂಬ ಸಾಮಾನು ಇದ್ದಾಗ ಕಾರಿನ ಬಾಗಿಲು ಹಾಕ್ತೀವಲ್ಲ, ಹಾಗೆ." ತೊಡೆ ಹಿಂದೆ ಎಳೆತ ಬಂತು. ಕೋಲು ಮೂರೂ ಕಡೆ ನಿಂತಿತು.

ಅವರು ಕೊಟ್ಟ ಪಟ್ಟಿ ಚಿಕ್ಕದು. ಈ ಕೋಲಿನ ಬಗ್ಗುವಿಕೆ. ಕಿಟಕಿ ಸರಳಿಗೆ ರಬ್ಬರ್ ಬ್ಯಾಂಡ್ ಕಟ್ಟಿ ಎದೆಯ ಕಡೆ ಎಳೆಯುವುದು. ಅರ್ಧ ತುಂಬಿದ ಬಕೆಟ್ಟನ್ನು ಒಂದೇ ಕೈಯಲ್ಲಿ ಹಿಡಿದು, ಪಕ್ಕಕ್ಕೆ ವಾಲದೆ ಹಾಲಿನಲ್ಲಿ ಎರಡು ಸುತ್ತು. ಕೈ ಊರದೆ ಕುರ್ಚಿಯಿಂದ ಏಳುವುದು, ಕೂರುವುದು. ವಾರಕ್ಕೆ ಮೂರು ದಿನ ಸಾಕು, ಪ್ರತಿ ಎರಡು ವಾರಕ್ಕೆ ಒಂಚೂರು ಕಷ್ಟ ಹೆಚ್ಚಿಸಿ ಅಂದರು. ಕತ್ತಿಗೆ ಅಂತ ಬೇರೆ ಏನೂ ಇಲ್ಲವಾ ಅಂತ ಕೇಳಿದೆ. "ಎಳೀರಿ ಸರ್ ಮೊದ್ಲು," ಅಂದರು.

ಎಳೆಯುವುದರ ಬಗ್ಗೆ ಆಮೇಲೆ ಯೋಚಿಸಿದೆ. ಈಗಿನ ನಮ್ಮ ದಿನದಲ್ಲಿ ತನ್ನ ಕಡೆಗೆ ಎಳೆದುಕೊಳ್ಳುವ ಕೆಲಸ ಯಾವುದಿದೆ? ಡ್ರಾಯರ್, ಬಾಗಿಲು, ಅಷ್ಟೇ. ಬಾವಿಯಿಂದ ನೀರು ಸೇದುತ್ತಿದ್ದವರು ದಿನಕ್ಕೆ ಇಪ್ಪತ್ತು ಕೊಡದ ಭಾರ ಎಳೆಯುತ್ತಿದ್ದರು. ಜಿಮ್ಮಿನಲ್ಲಿ ಕೇಬಲ್ ಎಳೆಯುವವರು ದುಡ್ಡು ಕೊಟ್ಟು ಮಾಡುವುದು ಹೆಚ್ಚುಕಡಿಮೆ ಅದನ್ನೇ. ಗರಡಿ ಮನೆಯ ದಂಡ, ಬಸ್ಕಿ ದೊಡ್ಡ ವ್ಯಾಯಾಮಗಳೇ. ಆದರೆ ದಂಡ ನೆಲವನ್ನು ತಳ್ಳುವ ಕೆಲಸ. ಗದೆ ತಿರುಗಿಸುವುದು, ಮಟ್ಟಿಯ ಮೇಲೆ ಕುಸ್ತಿ ಹಿಡಿಯುವುದು ಜೊತೆಗಿದ್ದುದರಿಂದ ಪೈಲ್ವಾನರ ಬೆನ್ನಿಗೂ ಪಾಲು ಸಿಗುತ್ತಿತ್ತು. ಬರೀ ಎದೆ, ತೋಳು ಬೆಳೆಸುವ ಹುಡುಗರು ಹೆಗಲು ಮುಂದಕ್ಕೆ ಮಡಚಿಕೊಂಡು ಓಡಾಡುವುದನ್ನು ನೀವೂ ನೋಡಿರುತ್ತೀರಿ. ಹಾಗಂತ ಹಳೇ ಕಾಲವೇ ಚೆನ್ನಾಗಿತ್ತು ಅಂತ ಹಾಡುವುದಿಲ್ಲ. ನೀರು ಸೇದಿ, ರಾಗಿ ಬೀಸಿ, ನಾಟಿ ಹಾಕಿದ ನಮ್ಮಜ್ಜಿಯ ಬೆನ್ನು ಕೊನೆಗೆ ಬಿಲ್ಲಾಗಿತ್ತು. ದುಡಿತಕ್ಕೂ ವ್ಯಾಯಾಮಕ್ಕೂ ಇರುವ ವ್ಯತ್ಯಾಸ ಅದೇ. ವ್ಯಾಯಾಮವನ್ನು ಸಾಕು ಅನ್ನಿಸಿದಾಗ ನಿಲ್ಲಿಸಬಹುದು.

ಯೋಗದ ಮಾತು ಬರದೆ ಇರುತ್ತಾ? ಈ ವಿಷಯದಲ್ಲಿ ನಮ್ಮ ಕಡೆಗೆ ಒಂದು ಹಕ್ಕಿದೆ. 1933ರಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಟಿ. ಕೃಷ್ಣಮಾಚಾರ್ಯರ ಯೋಗಶಾಲೆ ಶುರುವಾಯಿತು. ಅವರ ಬಳಿ ಕಲಿತ ಬಿ.ಕೆ.ಎಸ್. ಅಯ್ಯಂಗಾರ್ ಹುಟ್ಟಿದ್ದು ಕೋಲಾರದ ಕಡೆಯ ಬೆಳ್ಳೂರಿನಲ್ಲಿ, 1918ರಲ್ಲಿ. ಮಲೇರಿಯಾ, ಟೈಫಾಯಿಡ್, ಕ್ಷಯ ಎಲ್ಲ ಕಾಡಿದ್ದ ಪೀಚು ಹುಡುಗ. ಅವರು ಮುಂದೆ ಕಟ್ಟಿದ ಪದ್ಧತಿಯಲ್ಲಿ ತಾಡಾಸನಕ್ಕೆ, ಅಂದರೆ ಸುಮ್ಮನೆ ನಿಲ್ಲುವುದಕ್ಕೆ, ದೊಡ್ಡ ಮರ್ಯಾದೆ. ಪಾದ, ಮಂಡಿ ಚಿಪ್ಪು, ತೊಡೆ, ಪಕ್ಕೆಲುಬು ಒಂದೊಂದನ್ನೂ ವಿಚಾರಿಸಿಕೊಂಡು ನಿಲ್ಲಬೇಕು. ಕೈ ನೆಲಕ್ಕೆ ಎಟುಕದವನಿಗೆ ಕೆಳಗೆ ಇಟ್ಟಿಗೆ, ಕಾಲು ಎಟುಕದವನಿಗೆ ಪಟ್ಟಿ, ಬಗ್ಗದವನಿಗೆ ಕುರ್ಚಿ. ದೇಹವನ್ನು ಭಂಗಿಗೆ ಬಲವಂತ ಮಾಡುವ ಬದಲು ಭಂಗಿಯನ್ನೇ ದೇಹದ ಹತ್ತಿರಕ್ಕೆ ತರುವ ಈ ಬುದ್ಧಿ ನನಗೆ ಬೆಲ್ಟಿಗಿಂತ ಎಷ್ಟೋ ಮೇಲು ಅನ್ನಿಸುತ್ತದೆ.

ಒಂದು ಎಚ್ಚರಿಕೆ ಮಾತ್ರ ಗಟ್ಟಿಯಾಗಿ ಹೇಳಬೇಕು. ಮೂಳೆ ಸವೆತ, ಅಂದರೆ ಆಸ್ಟಿಯೋಪೊರೋಸಿಸ್ ಇರುವ ಹೆಂಗಸರು ಮುಂದಕ್ಕೆ ಬಗ್ಗುವ ಆಸನಗಳನ್ನು ಕಣ್ಣುಮುಚ್ಚಿ ಮಾಡಬಾರದು. ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ 1984ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನ ಇದೆ. ಇಂಥ ಮಹಿಳೆಯರಲ್ಲಿ ಬೆನ್ನು ಹಿಂದಕ್ಕೆ ಬಾಗಿಸುವ ವ್ಯಾಯಾಮ ಮಾಡಿದವರ ಪೈಕಿ 16% ಜನಕ್ಕೆ ಬೆನ್ನುಮೂಳೆಯಲ್ಲಿ ಹೊಸ ಬಿರುಕು ಬಂತು. ಮುಂದಕ್ಕೆ ಬಾಗುವ ವ್ಯಾಯಾಮ ಮಾಡಿದವರಲ್ಲಿ 89%. ಟೀವಿ ನೋಡಿಕೊಂಡು ಪಶ್ಚಿಮೋತ್ತಾನಾಸನ ಕಲಿಯುವ ಅತ್ತೆಯಂದಿರಿಗೆ ಇದನ್ನು ದಯವಿಟ್ಟು ತಲುಪಿಸಿ. ಹಾಗೆಯೇ ಕಾಲು ಜೋಮು ಹಿಡಿದು ಬಲ ಕಡಿಮೆಯಾದರೆ, ಮೂತ್ರದ ಹತೋಟಿ ತಪ್ಪಿದರೆ, ಬೆನ್ನುನೋವಿನ ಜೊತೆ ಜ್ವರ ಬಂದರೆ ವ್ಯಾಯಾಮ ಪಕ್ಕಕ್ಕಿಟ್ಟು ಸೀದಾ ಡಾಕ್ಟರ ಬಳಿ ಹೋಗಬೇಕು.

ಇಷ್ಟಕ್ಕೂ ಎಲ್ಲ ಬೆನ್ನಿನ ಸಮಸ್ಯೆಯನ್ನೂ ವ್ಯಾಯಾಮದ ತಲೆಗೆ ಕಟ್ಟುವುದು ಸರಿಯಾ? ಕೇರಳದಲ್ಲಿ ಬಟ್ಟೆ ಅಂಗಡಿಗಳ ಹೆಣ್ಣುಮಕ್ಕಳು ದಿನವಿಡೀ ನಿಂತೇ ಕೆಲಸ ಮಾಡಬೇಕಿತ್ತು. ಅವರು ವರ್ಷಗಟ್ಟಲೆ ಹೋರಾಡಿದ ಮೇಲೆ 2018ರಲ್ಲಿ ಅಲ್ಲಿನ ಕಾನೂನು ತಿದ್ದುಪಡಿಯಾಗಿ ಕೂರುವ ಹಕ್ಕು ಸಿಕ್ಕಿತು. 2021ರಲ್ಲಿ ತಮಿಳುನಾಡೂ ಅಂಥದ್ದೇ ಕಾನೂನು ತಂದಿತು. ಅವರಿಗೆ ಬೇಕಿದ್ದದ್ದು ರಬ್ಬರ್ ಬ್ಯಾಂಡ್ ಅಲ್ಲ, ಒಂದು ಸ್ಟೂಲು. ನಮ್ಮ ಚಿಕ್ಕಪೇಟೆಯ ಹಳೇ ಸೀರೆ ಅಂಗಡಿಗಳಲ್ಲಿ ಗಿರಾಕಿಯೂ ಅಂಗಡಿಯವನೂ ಹಾಸಿಗೆ ಮೇಲೆ ಕೂತೇ ವ್ಯಾಪಾರ ಮುಗಿಸುತ್ತಾರೆ. ಗಾಜಿನ ಶೋರೂಮ್ ಬಂದ ಮೇಲೆ ಎಲ್ಲರೂ ಎದ್ದು ನಿಂತರು.

ಕಂಪ್ಯೂಟರ್ ಮುಂದಿನವರ ಕಥೆ ಉಲ್ಟಾ, ಆದರೆ ಗಂಟು ಒಂದೇ. ವಾರಕ್ಕೆ 70 ಗಂಟೆ ದುಡಿಯಬೇಕು ಅನ್ನುವ ಮಾತು 2023ರಲ್ಲಿ ಬೆಂಗಳೂರಿನಿಂದಲೇ ಎದ್ದು ದೇಶವೆಲ್ಲ ಚರ್ಚೆಯಾಯಿತು. ಹತ್ತು ಗಂಟೆ ಕುರ್ಚಿ, ಅದರ ಮೇಲೆ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಬೆನ್ನಿಗೆ ಲ್ಯಾಪ್‌ಟಾಪ್ ಹೇರಿಕೊಂಡು ಸ್ಕೂಟರ್. ಇಂಥವರಿಗೆ ಕಂಪನಿ ವರ್ಷಕ್ಕೊಂದು ದಿನ 'ಪೋಶ್ಚರ್ ವರ್ಕ್‌ಶಾಪ್' ಇಟ್ಟು ಕೈತೊಳೆದುಕೊಳ್ಳುತ್ತದೆ. ನಾನು ಕೂತಿದ್ದ ಅಂಥ ಒಂದು ವರ್ಕ್‌ಶಾಪು ಎರಡೂವರೆ ಗಂಟೆ ನಡೆಯಿತು. ನಡುವೆ ಏಳುವುದಕ್ಕೆ ಬಿಡಲಿಲ್ಲ.

ಮಕ್ಕಳ ಬ್ಯಾಗಿನ ವಿಷಯದಲ್ಲಿ ಸರ್ಕಾರ ಕನಿಷ್ಠ ಕಾಗದದ ಮೇಲಾದರೂ ಕೆಲಸ ಮಾಡಿದೆ. 2019ರ ಸುತ್ತೋಲೆಯ ಪ್ರಕಾರ ಒಂದು, ಎರಡನೇ ತರಗತಿಗೆ ಬ್ಯಾಗು 2 ಕಿಲೋ ದಾಟಬಾರದು, ಒಂಬತ್ತು, ಹತ್ತಕ್ಕೆ 5 ಕಿಲೋ. ಅಡುಗೆಮನೆಯ ತಕ್ಕಡಿಯಲ್ಲಿ ಒಮ್ಮೆ ನಿಮ್ಮ ಮಗುವಿನ ಬ್ಯಾಗು ತೂಗಿ ನೋಡಿ.

ನನ್ನ ವ್ಯಾಯಾಮಕ್ಕೆ ಈಗ ಎಂಟು ತಿಂಗಳು. ನಡುವೆ ದಸರಾ, ಒಂದು ಮದುವೆ, ಒಂದು ಜ್ವರ ಅಂತ ಐದು ವಾರ ತಪ್ಪಿದೆ. ಶುರು ಮಾಡುವ ದಿನ ಗೋಡೆ ಪಕ್ಕ ನಿಂತು ಒಂದು ಫೋಟೋ ತೆಗೆಸಿಕೊಂಡಿದ್ದೆ. ಮೊನ್ನೆ ಅದೇ ಗೋಡೆ ಪಕ್ಕ ಇನ್ನೊಂದು. ಎರಡನ್ನೂ ಅಮ್ಮನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಹಿಂದೆ ಮುಂದೆ ಮಾಡಿ ನೋಡಿದರು.

"ಏನೋ ಇದು, ಎರಡೂ ಒಂದೇ ಥರ ಇದೆಯಲ್ಲೋ. ಕತ್ತು ಹಾಗೇ ಮುಂದೆ ಇದೆ."

ನಿಜ, ಹಾಗೇ ಇದೆ. ಫೋನ್ ವಾಪಸ್ ಕೊಟ್ಟು ಅವರು ತಮ್ಮ ಮಂಡಿಗೆ ಹಚ್ಚಿಕೊಳ್ಳೋಕೆ ಅಮೃತಾಂಜನ ಎಲ್ಲಿ ಅಂತ ಕೇಳಿದರು. ಮೊದಲೆಲ್ಲ ದಿನಾ ಸಂಜೆ ನನ್ನ ಕೈಯಲ್ಲೇ ಇರುತ್ತಿದ್ದ ಡಬ್ಬಿ. ಎಲ್ಲಿಟ್ಟಿದ್ದೆ ಅಂತ ನೆನಪಾಗಲಿಲ್ಲ.